ಹಳೇ ಫೈಬರ್ ದೋಣಿಯ ಇಂಜಿನ್ ಹಲಗೆ ಕೊಳೆತಿದೆ: ಒಳಗಿನಿಂದ ಬಿಚ್ಚಬೇಕಾ, ಹೊರಗಿನಿಂದಲಾ?

ಹಳೇ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್ ಇಂಜಿನ್, ಗೇರ್ ಹಾಕಿದರೆ ಇಂಜಿನ್ ಕೂರುವ ಹಿಂದಿನ ಹಲಗೆ (ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುವುದು) ಅಲ್ಲಾಡುತ್ತದೆ. ಒಳಗಿನಿಂದ ಕತ್ತರಿಸಬೇಕಾ, ಹೊರಗಿನಿಂದಲಾ, ಇಲ್ಲಾ ತೂತು ಕೊರೆದು ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಸುರಿದರೆ ಸಾಕಾ ಅಂತ ಕೇಳಿದ್ದೀರಿ. ನಮ್ಮ ದೋಣಿಯದೂ ಇದೇ ಕತೆ. ನಾವೂ ಇದೇ ಪ್ರಶ್ನೆ ಹಿಡಿದು ಊರೆಲ್ಲ ಸುತ್ತಿದ್ದೆವು. ಪ್ರಶ್ನೆಯೇ ತಪ್ಪಿತ್ತು. ನೀರು ಒಳಗೆ ಹೋಗಿದ್ದು ಎಲ್ಲಿಂದ ಅಂತ ಗೊತ್ತಾಗುವ ತನಕ ಗ್ರೈಂಡರ್ ಹಿಡಿಯಬೇಡಿ. ನಾನು ಹಿಡಿದೆ, ಅದಕ್ಕೇ ಅದೇ ಹಲಗೆಯನ್ನು ಎರಡೆರಡು ಸಲ ಹಾಕಬೇಕಾಯಿತು.

ನಾವು ಗಂಗೊಳ್ಳಿ ಕಡೆಯವರು. ಅಣ್ಣ, ನಾನು ಸೇರಿ ಆ ದೋಣಿಯನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆವು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ. ಆಗ ಕಡಲಿಗೆ ಹೋಗಬಹುದಾದದ್ದು 10 ಎಚ್‌ಪಿ ಒಳಗಿನ ನಾಡದೋಣಿಗಳು ಮಾತ್ರ. ತೂಫಾನು ಇಳಿದ ಹೊತ್ತು ನೋಡಿ ಹೊರಟರೆ ಚಟ್ಲಿ (ಸಿಗಡಿ) ಸಿಗುತ್ತದೆ, ರೇಟೂ ಸಿಗುತ್ತದೆ. ಹಾಗಾಗಿ ಹಲಗೆ ಅಲ್ಲಾಡಿದ್ದು ಕಂಡ ಬೇಸಿಗೆಯಲ್ಲೇ ಕೆಲಸ ಮುಗಿಸಲು ಹೊರಟೆವು. ಮಳೆಗಾಲದಲ್ಲಿ ಫೈಬರ್ ಕೆಲಸ ಬೇಡವೇ ಬೇಡ. ತೇವ ಹೀರಿದ ಮ್ಯಾಟ್‌ಗೆ (ಗಾಜಿನ ಎಳೆಗಳ ಹಾಸು) ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ, ಬಿಳಿಚಿಕೊಳ್ಳುತ್ತದೆ, ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ.

ಇಂಜಿನ್ ಇಳಿಸಿ, ಸುತ್ತಿಗೆಯಿಂದ ತಟ್ಟಿ ನೋಡಿದೆ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತಿತ್ತು, ಕೊಳೆತ ಕಡೆ ಮಂದ ಸದ್ದು. ಆಮೇಲೆ ಒಳಬದಿಯಿಂದ ಸಣ್ಣ ಬಿಟ್‌ನಲ್ಲಿ ಅಲ್ಲಲ್ಲಿ ಕೊರೆದೆ. ಒಳ್ಳೇ ಮರವಾದರೆ ಒಣಗಿದ ತಿಳಿ ಬಣ್ಣದ ಪುಡಿ ಬರಬೇಕು. ನಮ್ಮದರಲ್ಲಿ ಬಂದದ್ದು ಕಾಫಿ ಚರಟದಂಥ ಕಪ್ಪು ಹಸಿ ಪುಡಿ, ಹಿಂದೆಯೇ ನಾತದ ನೀರು.

ರೆಸಿನ್ ಸುರಿಯುವ ಆಸೆ ನಮಗೂ ಇತ್ತು. ಬಿಟ್ಟುಬಿಡಿ. ಹಸಿ ಮರ ರೆಸಿನ್ ಕುಡಿಯುವುದಿಲ್ಲ, ಪಾಲಿಯೆಸ್ಟರ್ ರೆಸಿನ್ ಅಂತೂ ಹಸಿ ಮರಕ್ಕೆ ಅಂಟುವುದೂ ಇಲ್ಲ. ಕೊರೆದ ತೂತುಗಳಷ್ಟೇ ತುಂಬಿಕೊಂಡು, ಅವುಗಳ ನಡುವೆ ಕೊಳೆ ಹಾಗೇ ಕೂತಿರುತ್ತದೆ.

ನಾವು ಹೊರಗಿನಿಂದ ಬಿಚ್ಚಿದೆವು. ದುಡಿಯುವ ದೋಣಿಗೆ ಅಂದ ಯಾರಿಗೆ ಬೇಕು? ಮರಳಿನ ಮೇಲೆ ಆರಾಮಾಗಿ ನಿಂತು ಗ್ರೈಂಡರ್ ಓಡಿಸಬಹುದು, ಒಳಗೆ ಬಲಕ್ಕೆ ಕೂರಿಸಿದ ಪಟ್ಟಿಗಳಿಗೆ ಕೈ ಹಚ್ಚಬೇಕಾಗಿಲ್ಲ. ಸುತ್ತ ಮೂರು ಇಂಚು ಹಳೇ ಫೈಬರ್ ಉಳಿಸಿಕೊಂಡು ಅದನ್ನು ಇಳಿಜಾರಾಗಿ ಉಜ್ಜಿದೆವು. ಪದರ 5 ಮಿಮೀ ದಪ್ಪ ಇದ್ದರೆ ಇಳಿಜಾರು 60 ಮಿಮೀ ಅಗಲ ಬೇಕು. ಹೊಸ ಮ್ಯಾಟ್ ಹಳೆಯದನ್ನು ಹಿಡಿಯುವುದು ಅಲ್ಲೇ.

ಪ್ಲೈ ಹಳತಾಯಿತು, ಹೋಯಿತು ಅಂದುಕೊಂಡೆ. ಅಂಗಡಿಯವನ ಬಾಯಿಮಾತು ನಂಬದೆ ಐಎಸ್ 710 (ಮರೈನ್ ಪ್ಲೈನ ಮಾನದಂಡ) ಮುದ್ರೆ ನೋಡಿ 19 ಮಿಮೀ ಪ್ಲೈ ತಂದು, ಎರಡು ಪದರ ಸೇರಿಸಿ 38 ಮಿಮೀ ಮಾಡಿದೆ. ಹಲಗೆ ಮೇಲೆ ಹಲಗೆ, ನಡುವೆ ರೆಸಿನ್‌ನಲ್ಲಿ ತೋಯಿಸಿದ ಮ್ಯಾಟ್. ಹೊರಗೆ ಮ್ಯಾಟ್, ರೋವಿಂಗ್ (ನೇಯ್ದ ಗಾಜಿನ ಬಟ್ಟೆ), ಮತ್ತೆ ಮ್ಯಾಟ್. ಇಂಜಿನ್ ಬೋಲ್ಟಿನ ತೂತುಗಳಿಗಂತೂ ವಿಪರೀತ ಉಪಚಾರ. ಎಲ್ಲರೂ ಬೋಲ್ಟಿನಿಂದಲೇ ನೀರು ಇಳಿಯುತ್ತದೆ ಅಂತ ಹೇಳಿದ್ದರಲ್ಲ!

ಈಗ ತಪ್ಪಿನ ವಿಷಯ. ಸ್ವಲ್ಪ ಉದ್ದವಾಗುತ್ತದೆ, ಆದರೂ ಓದಿ.

ಹಲಗೆಯ ಬುಡದಲ್ಲಿ ದೋಣಿಯ ನೀರು ಬಿಡಲು ಒಂದು ತೂತು ಇರುತ್ತದಲ್ವಾ, ಬಿರಡೆ ಹಾಕುವುದು? ಕಿತ್ತ ಹಳೇ ಪ್ಲೈ ನನ್ನ ಎದುರಿಗೇ ಎರಡು ತುಂಡಾಗಿ ಬಿದ್ದಿತ್ತು. ಮೇಲೆ ಬೋಲ್ಟಿನ ಸುತ್ತ ಮರ ಒದ್ದೆಯಾಗಿತ್ತು, ಆದರೆ ಮರವಾಗಿಯೇ ಇತ್ತು. ಬುಡದಲ್ಲಿ ಆ ತೂತಿನ ಸುತ್ತ ಕೈಯಿಂದ ಬಾಚಿ ತೆಗೆಯುವಂತಿತ್ತು. ಅಂದರೆ ಕೊಳೆ ಕೆಳಗೆ ಹುಟ್ಟಿ ಮೇಲೆ ಹತ್ತಿತ್ತು. ಇಷ್ಟು ಸ್ಪಷ್ಟ ಸಾಕ್ಷಿಯನ್ನು ನಾನು ಗುದ್ದಲಿಯಲ್ಲಿ ಎತ್ತಿ ತೆಂಗಿನ ಬುಡಕ್ಕೆ ಹಾಕಿಬಂದೆ.

ಹೊಸ ಹಲಗೆಗೆ ಅದೇ ಜಾಗದಲ್ಲಿ ತೂತು ಕೊರೆದು, ಒಂದಿಂಚು ಪೈಪು ತೂರಿಸಿ, ಎರಡೂ ಬಾಯಿಗೆ ಪುಟ್ಟಿ ಮೆತ್ತಿದೆ. ಮುಗಿಯಿತು ಅಂದುಕೊಂಡೆ. ದೋಣಿಯನ್ನು ಮರಳಿನ ಮೇಲೆ ಎಳೆಯುವಾಗ ಪೈಪಿನ ತುದಿಗೆ ಪ್ರತಿ ಸಲ ಪೆಟ್ಟು. ಪುಟ್ಟಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಪೈಪಿನ ಹಿಂದೆ ಇದ್ದದ್ದು ಕೊರೆದ ಪ್ಲೈಯ ಬೆತ್ತಲೆ ಅಂಚು. ಪ್ಲೈ ಮುಖದ ಕಡೆಯಿಂದ ನೀರು ಕುಡಿಯುವುದಕ್ಕಿಂತ ಅಂಚಿನ ಕಡೆಯಿಂದ ಎಷ್ಟೋ ಜಾಸ್ತಿ ಕುಡಿಯುತ್ತದೆ. ಅದೂ ದೋಣಿಯಲ್ಲಿ ನೀರು ಸದಾ ನಿಲ್ಲುವ ಜಾಗದಲ್ಲಿ. ಐಎಸ್ 710 ಇತ್ತಲ್ಲ ಅಂತ ಕೇಳಬೇಡಿ. ಅದರಲ್ಲಿ ನೀರಿಗೆ ಜಗ್ಗದಿರುವುದು ಅಂಟು. ಮರಕ್ಕೆ ಔಷಧಿ ಉಣಿಸಿರುತ್ತಾರೆ ನಿಜ, ಆದರೂ ಮರ ಮರವೇ, ಸದಾ ತೇವದಲ್ಲಿದ್ದರೆ ಕೊಳೆಯುತ್ತದೆ.

ಇನ್ನೊಂದು, ಕಡಲ ಉಪ್ಪುನೀರಿಗಿಂತ ಮಳೆನೀರು ಅಪಾಯ. ಮರ ತಿನ್ನುವ ಶಿಲೀಂಧ್ರ ಉಪ್ಪಿನಲ್ಲಿ ಅಷ್ಟಾಗಿ ಬೆಳೆಯುವುದಿಲ್ಲ, ಸಿಹಿನೀರು ಸಿಕ್ಕರೆ ಹಬ್ಬ. ವರ್ಷಕ್ಕೆ 4000 ಮಿಮೀ ಆಸುಪಾಸು ಮಳೆ ಸುರಿಯುವ ನಮ್ಮ ಉಡುಪಿ ಜಿಲ್ಲೆಯಲ್ಲಿ ಬಿರಡೆ ಹಾಕಿ, ಟಾರ್ಪಾಲ್ ಇಲ್ಲದೆ ದೋಣಿ ನಿಲ್ಲಿಸಿದ್ದೆವು. ಅದೂ ನಮ್ಮದೇ ಕೆಲಸ.

ಮುಂದೊಂದು ಮಳೆಗಾಲದ ಶುರುವಿಗೆ, ದೋಣಿಯ ಮೂತಿ ಎತ್ತಿ ನಿಲ್ಲಿಸಿದಾಗ ಪೈಪಿನ ಸುತ್ತ ಕಪ್ಪು ನೀರು ಜಿನುಗಿತು. ಅಣ್ಣ ಬೈಯಲಿಲ್ಲ, ಸುಮ್ನೆ ಇಂಜಿನ್ ಬಿಚ್ಚತೊಡಗಿದ. ಆ ಸಲದ ಚಟ್ಲಿ ಪೂರ್ತಿ ಬೇರೆಯವರ ಬಲೆಗೆ. ಅಣ್ಣ ಇನ್ನೊಬ್ಬರ ದೋಣಿಯಲ್ಲಿ ಪಾಲಿಗೆ ಹೋದ, ನಾನು ಬಿಸಿಲಿಗೆ ಕಾದು ಕೂತೆ.

ಎರಡನೇ ಸಲ ಮಾಡಿದ್ದು ಹೀಗೆ. 25 ಮಿಮೀ ಪೈಪಿಗೆ 45 ಮಿಮೀ ತೂತು ಕೊರೆದೆ. ಒಂದು ಬದಿ ಟೇಪ್ ಅಂಟಿಸಿ, ಕತ್ತರಿಸಿದ ಫೈಬರ್ ಎಳೆ ಕಲಸಿದ ಎಪಾಕ್ಸಿ (ಇನ್ನೊಂದು ಬಗೆಯ ರೆಸಿನ್) ತುಂಬಿಸಿದೆ. ಒಮ್ಮೆಲೇ ಪೂರ್ತಿ ತುಂಬಬೇಡಿ, ದಪ್ಪ ಎಪಾಕ್ಸಿ ಬಿಸಿಯಾಗಿ ಹೊಗೆಯಾಡುತ್ತದೆ. ಎರಡು ಮೂರು ಸಲವಾಗಿ ಹಾಕಿ. ಗಟ್ಟಿಯಾದ ಮೇಲೆ ಆ ಎಪಾಕ್ಸಿಯ ನಡುವೆ 25 ಮಿಮೀ ಕೊರೆದು ಪೈಪು ಕೂರಿಸಿದೆ. ಈಗ ಪೈಪು ಮರವನ್ನು ಮುಟ್ಟುವುದೇ ಇಲ್ಲ. ಪುಟ್ಟಿ ಬಿರುಕು ಬಿಟ್ಟರೂ ನೀರಿಗೆ ಸಿಗುವುದು ಎಪಾಕ್ಸಿ ಗೋಡೆ. ಬೋಲ್ಟಿಗೂ ಇದೇ ದಾರಿ: 10 ಮಿಮೀ ಬೋಲ್ಟಿಗೆ 20 ಮಿಮೀ ಕೊರೆದು ತುಂಬಿಸಿ, ಮತ್ತೆ 10 ಮಿಮೀ. ಸೀಲೆಂಟ್ ಪಾಲಿಯುರಿಥೇನ್ ಇರಲಿ, ಬಾತ್‌ರೂಮಿನ ಸಿಲಿಕೋನ್ ಬೇಡ.

ಪೂರ್ತಿ ಎಪಾಕ್ಸಿಯಲ್ಲೇ ಮಾಡಿ ಅಂತ ಯಾರಾದರೂ ಹೇಳಬಹುದು. ಬೆಲೆ ಪಾಲಿಯೆಸ್ಟರಿಗಿಂತ ಎಷ್ಟೋ ಜಾಸ್ತಿ. ನಾನು ಪದರಗಳಿಗೆ ಪಾಲಿಯೆಸ್ಟರ್, ತೂತುಗಳಿಗೆ ಕೊನೆಯಲ್ಲಿ ಎಪಾಕ್ಸಿ ಬಳಸಿದೆ. ಈ ಕ್ರಮ ತಿರುಗಿಸಬೇಡಿ. ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಪ್ಲೈ ಬದಲು ಹೆಬ್ಬಲಸಿನ ಹಲಗೆ ಹಾಕಿ ಅನ್ನುವ ಹಿರಿಯರೂ ಸಿಗುತ್ತಾರೆ. ಮರದ ದೋಣಿಗೆ ಅದು ಸರಿ. ಫೈಬರಿನ ನಡುವೆ ಇಡೀ ಹಲಗೆ ಉಬ್ಬಿ ಕುಗ್ಗಿ ಪದರವನ್ನೇ ಬಿಡಿಸುತ್ತದೆ.

ಹಾಗಾಗಿ ಈಗಲೇ ಒಳಗೋ ಹೊರಗೋ ಅಂತ ತೀರ್ಮಾನ ಮಾಡಬೇಡಿ. ಮೊದಲು ಬಿರಡೆಯ ತೂತಿನ ಸುತ್ತ ನಾಲ್ಕು ಕಡೆ ಕೊರೆಯಿರಿ, ಆಮೇಲೆ ಬೋಲ್ಟಿನ ಸುತ್ತ. ಎಲ್ಲಿನ ಪುಡಿ ಜಾಸ್ತಿ ಕಪ್ಪಗಿದೆ ನೋಡಿ. ಬುಡದ ಒಳಬದಿಯಲ್ಲಿ ಪಟ್ಟಿಗಳೂ ಕೊಳೆತಿದ್ದರೆ ಮಾತ್ರ ಒಳಗಿನಿಂದ ಬಿಚ್ಚಿ. ಇಲ್ಲದಿದ್ದರೆ ಹೊರಗಿನಿಂದಲೇ. ಆ ಪುಡಿಯ ಫೋಟೋ ಹಾಕಿದರೆ ನೋಡಿ ಹೇಳುತ್ತೇನೆ.

ಮರೆತಿದ್ದೆ. ಅಂಗಡಿಯಲ್ಲಿ ಪಾಲಿಯೆಸ್ಟರ್ ರೆಸಿನ್ ಜೊತೆ ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರವ) ಮತ್ತು ಹಾರ್ಡ್ನರ್ ಬೇರೆ ಬೇರೆ ಬಾಟಲಿಯಲ್ಲಿ ಕೊಟ್ಟರೆ ಅವೆರಡನ್ನು ನೇರವಾಗಿ ಬೆರೆಸಬೇಡಿ, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಹಾರ್ಡ್ನರ್. ಗ್ರೈಂಡ್ ಮಾಡುವಾಗ ತುಂಬು ತೋಳಿನ ಅಂಗಿ, ಮಾಸ್ಕ್, ಕನ್ನಡಕ ಇರಲಿ.