ಕ್ಯಾರವಾನ್ ಮಾಡಿಸೋಕೆ ಯಾವ ಚಾಸಿ ನಂಬಬಹುದು: ವಿಂಗರ್, ಟ್ರಾವೆಲರ್, 407?

ನೀವು ಕೇಳಿರೋದು ಇಷ್ಟು: ಮನೆಮಂದಿ ಐದು ಜನ, ಒಳಗೆ ಅಡುಗೆ ಕಟ್ಟೆ, ಟಾಯ್ಲೆಟ್, ಮಲಗೋಕೆ ಜಾಗ ಬೇಕು, ಸೆಕೆಂಡ್ ಹ್ಯಾಂಡ್ ಟಾಟಾ ವಿಂಗರ್, ಫೋರ್ಸ್ ಟ್ರಾವೆಲರ್, ಟಾಟಾ 407ರಲ್ಲಿ ಯಾವುದು ಕೈಕೊಡಲ್ಲ? ತುಮಕೂರಲ್ಲಿ ಗಾಡಿಗೆ ಬಾಡಿ ಕಟ್ಟೋ ಶೆಡ್‌ನಲ್ಲಿ ಕೆಲಸ ನನ್ನದು. ನನ್ನ ಓಟು ಟ್ರಾವೆಲರ್‌ಗೆ.

ಯೂಟ್ಯೂಬ್‌ನಲ್ಲಿ ಹೇಳೋ ಕ್ಲಾಸ್ ಎ, ಬಿ, ಸಿ ಅಮೆರಿಕದ ಲೆಕ್ಕ. ಬರೀ ಚಾಸಿ ಮೇಲೆ ಪೂರ್ತಿ ಕಟ್ಟಿದರೆ ಎ, ಕಂಪನಿ ವ್ಯಾನ್ ಒಳಗೇ ಜೋಡಿಸಿದರೆ ಬಿ, ಕ್ಯಾಬಿನ್ ಉಳಿಸ್ಕೊಂಡು ಹಿಂದೆ ಡಬ್ಬ ಕೂರಿಸಿದರೆ ಸಿ. ನಿಮಗೆ ಅದರ ಗೊಡವೆ ಬೇಡ. ಲ್ಯಾಡರ್ ಫ್ರೇಮಾ, ಮಾನೊಕಾಕಾ ಅಂತ ನೋಡಿ. 407 ಲ್ಯಾಡರ್ ಫ್ರೇಮ್, ಅಂದರೆ ಕೆಳಗಿರೋ ಉದ್ದದ ಎರಡು ಉಕ್ಕಿನ ಚಾನೆಲ್‌ಗಳೇ ಭಾರ ಹೊರೋದು, ಮೇಲೆ ಏನು ಕಟ್ಟಿ ಬಿಚ್ಚಿದರೂ ತಡ್ಕೊಳ್ಳುತ್ತೆ. ಆದರೆ ಬಾಡಿ ಮೊದಲಿಂದ ಕಟ್ಟಿಸಬೇಕು, ಪ್ರತಿ ಹಂಪ್‌ಗೂ ಒಳಗಿನ ಪಾತ್ರೆ ಕುಣಿಯುತ್ತೆ. ವಿಂಗರ್ ಮಾನೊಕಾಕ್. ರೂಫು, ಪಕ್ಕದ ತಗಡು, ಫ್ಲೋರು ಎಲ್ಲಾ ಸೇರಿ ಭಾರ ಹೊರುತ್ತೆ. ಎಸಿ ಕೂರಿಸೋಕೆ ರೂಫಿನ ಅಡ್ಡಪಟ್ಟಿ ಕತ್ತರಿಸಿದಿರೋ, ಗಾಡಿಯ ಬಿಗಿಯೇ ಹೋಗುತ್ತೆ. ಎರಡು ಅಡ್ಡಪಟ್ಟಿ ನಡುವೆ ಮಾತ್ರ ತೂತು, ಸುತ್ತ ಉಕ್ಕಿನ ಫ್ರೇಮು.

ಚಾಸಿ ಗಟ್ಟಿನಾ ಅನ್ನೋದಕ್ಕಿಂತ ಅದರ ಮೇಲೆ ಎಷ್ಟು ಹೇರ್ತೀರಿ ಅನ್ನೋದು ದೊಡ್ಡದು. ಆರ್‌ಸಿಯಲ್ಲಿ ಗ್ರಾಸ್ ವೇಟ್ (ಭಾರ ಸಮೇತ ಗಾಡಿ ಮೀರಬಾರದ ತೂಕ), ಅನ್‌ಲೇಡನ್ ವೇಟ್ (ಖಾಲಿ ಗಾಡಿಯ ತೂಕ) ಎರಡೂ ಇರ್ತವೆ. ಅವುಗಳ ವ್ಯತ್ಯಾಸವೇ ನಿಮ್ಮ ಬಂಡವಾಳ, ಕಿತ್ತ ಸೀಟಿನ ತೂಕ ಅದಕ್ಕೆ ಸೇರಿಸ್ಕೊಳ್ಳಿ. ಇನ್ನು ಆ ತೂಕದ ಖರ್ಚು. ನೂರು ಲೀಟರ್ ನೀರು ಅಂದರೆ ನೂರು ಕೆಜಿ. ಎಂಟು-ನಾಲ್ಕು ಅಡಿಯ 18 ಎಂಎಂ ಪ್ಲೈವುಡ್ ಒಂದೊಂದು ಶೀಟೂ ಮೂವತ್ತು ಕೆಜಿ ಆಸುಪಾಸು. ಮನೆ ಇನ್ವರ್ಟರ್‌ನ ದೊಡ್ಡ ಟ್ಯೂಬುಲರ್ ಬ್ಯಾಟರಿ ಐವತ್ತು ದಾಟುತ್ತೆ, ಲಿಥಿಯಂ ಆದರೆ ಅದರ ಅರ್ಧವೂ ಇಲ್ಲ. ಅಡುಗೆ ಕಟ್ಟೆಗೆ ಗ್ರಾನೈಟೇ ಬೇಕು ಅಂತ ಹಟ ಹಿಡಿಯೋರೂ ಇದಾರೆ! ಅದು ಚದರಡಿಗೆ ನಾಲ್ಕೂವರೆ ಕೆಜಿ ಆಸುಪಾಸು. ತೆಳು ಸ್ಟೀಲ್ ಶೀಟ್ ಹಾಕಿಸಿ ಸಾಕು.

ಭಾರ ಎಲ್ಲಿ ಕೂರುತ್ತೆ ಅನ್ನೋದೂ ಲೆಕ್ಕವೇ. ನೀರಿನ ಟ್ಯಾಂಕು, ಬ್ಯಾಟರಿ ಎರಡನ್ನೂ ಹಿಂದಿನ ಆಕ್ಸಲ್‌ಗಿಂತ ಹಿಂದೆ ಇಟ್ಟರೆ ಮುಂದಿನ ಚಕ್ರ ಹಗುರಾಗುತ್ತೆ. ವಿಂಗರ್ ಫ್ರಂಟ್ ವೀಲ್ ಡ್ರೈವ್. ಹಾಗೆ ಹೇರ್ಕೊಂಡು ಮಳೇಲಿ ದೇವರಾಯನದುರ್ಗ ಹತ್ತಿಸಿದರೆ ಎಳೆಯೋ ಚಕ್ರವೇ ಜಾರುತ್ತೆ. ಟ್ರಾವೆಲರ್ ಹಿಂದಿನಿಂದ ತಳ್ಳೋ ಗಾಡಿ, ಈ ತೊಂದರೆ ಕಮ್ಮಿ. ಆದರೂ ಟ್ಯಾಂಕು ಎರಡು ಆಕ್ಸಲ್ ನಡುವೆಯೇ ಇರಲಿ. ಹಿಂದೆ ಬಾಡಿ ಉದ್ದ ಮಾಡಿಸ್ತೀರಾದರೆ, ಹಿಂದಿನ ಆಕ್ಸಲ್ ದಾಟಿ ಚಾಚೋದು ವೀಲ್‌ಬೇಸಿನ (ಎರಡು ಆಕ್ಸಲ್ ನಡುವಿನ ದೂರ) ಶೇ. 60 ಮೀರಬಾರದು ಅಂತ ರೂಲ್ ಇದೆ. ಕೆಲಸ ಮುಗಿದ ಮೇಲೆ ನೀರು ತುಂಬಿಸಿ, ಎಲ್ಲರೂ ಹತ್ತಿ, ಯಾವುದಾದರೂ ವೇಬ್ರಿಡ್ಜ್‌ಗೆ ಹೋಗಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಆಮೇಲೆ ಪೂರ್ತಿ ಗಾಡಿ. ಮುಂದೆ ಎಷ್ಟು, ಹಿಂದೆ ಎಷ್ಟು ಭಾರ ಕೂತಿದೆ, ಒಟ್ಟು ಗ್ರಾಸ್ ವೇಟ್ ದಾಟಿದೆಯಾ ಅಂತ ಗೊತ್ತಾಗುತ್ತೆ.

ಟ್ರಾವೆಲರ್ ಯಾಕೆ ಅಂದರೆ, ಇಂಜಿನ್ ಮರ್ಸಿಡಿಸ್ ಮೂಲದ್ದು, ಅದು ಆಮೇಲಿನ ಮಾತು. ಟೆಂಪೋ ಟ್ರಾವೆಲರ್ ಓಡಾಡದ ಊರಿಲ್ಲ; ಸಿರಾ, ಹಿರಿಯೂರಲ್ಲಿ ನಿಂತರೂ ಕೈ ಹಾಕೋ ಮೆಕ್ಯಾನಿಕ್ ಸಿಗ್ತಾನೆ.

ಹಳೇದು ಕೊಳ್ಳೋವಾಗ ಇಂಜಿನ್ ಸದ್ದಿಗೆ ಮರುಳಾಗದೆ ಟಾರ್ಚ್ ಹಿಡ್ಕೊಂಡು ಕೆಳಗೆ ತೂರಿ. ಸ್ಪ್ರಿಂಗ್ ನೇತಾಡೋ ಬ್ರಾಕೆಟ್ ಸುತ್ತ, ಅಡ್ಡ ಮೆಂಬರ್ ಸೇರೋ ಜಾಗದಲ್ಲಿ ಕೂದಲೆಳೆಯಂಥ ಬಿರುಕು, ಆಮೇಲೆ ಹೊಡೆದ ವೆಲ್ಡಿಂಗ್ ಇದೆಯಾ ನೋಡಿ. ಹಳೇ ಗಾಡಿಗೆ ಅಡಿಯಲ್ಲಿ ಮಾತ್ರ ಹೊಸ ಕಪ್ಪು ಪೇಂಟ್ ಮಿಂಚ್ತಿದ್ದರೆ ಸ್ಕ್ರೂಡ್ರೈವರ್ ಮೊನೆಯಿಂದ ಕೆರೆಯಿರಿ. ತುಕ್ಕು ಪದರ ಪದರವಾಗಿ ಉದುರಿದರೆ ಅಲ್ಲಿಂದಲೇ ವಾಪಸ್. ಚಾಸಿ ನಂಬರಿನ ಪಂಚಿಂಗ್ ಆರ್‌ಸಿ ಜತೆ ಅಕ್ಷರಕ್ಕೆ ಅಕ್ಷರ ತಾಳೆ ಆಗಬೇಕು.

ಮುಂಗಡ ಕೊಡೋಕೆ ಮೊದಲು ಆರ್‌ಟಿಓ ಆಫೀಸಿಗೆ ಒಂದು ಸಲ ಹೋಗಿ ಬನ್ನಿ. ಮೋಟಾರ್ ಕ್ಯಾರವಾನ್‌ಗೆ ಅಂತಲೇ ಎಐಎಸ್-124 ಮಾನದಂಡ ಇದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಮನಸ್ಸಿಗೆ ಬಂದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಒಳಗೆ ಮಂಚ, ಆರ್‌ಸಿಯಲ್ಲಿ ಮಾತ್ರ ಹಳೇ ಸೀಟಿನ ಲೆಕ್ಕ ಅಂತಿದ್ದರೆ ಇನ್ಶೂರೆನ್ಸ್‌ನವರು ತಕರಾರು ತೆಗೀತಾರೆ.

ನೀವು ನೋಡಿರೋ ಗಾಡಿಯ ವೀಲ್‌ಬೇಸು, ಆರ್‌ಸಿಯಲ್ಲಿರೋ ಎರಡೂ ತೂಕ ಇಲ್ಲಿ ಹಾಕಿ. ಟಾಯ್ಲೆಟ್ ಸಮೇತ ಆಗುತ್ತಾ ಇಲ್ಲವಾ ಲೆಕ್ಕ ಹಾಕಿ ಹೇಳ್ತೀನಿ.