ಡೈರೆಕ್ಟರಿ ಹುಡುಕಾಟ ಸಾವಿರಕ್ಕೇ ನಿಲ್ಲುವುದೇಕೆ?

ಪ್ರಶ್ನೆ: ನಮ್ಮ ಆಫೀಸಿನ ಆಕ್ಟಿವ್ ಡೈರೆಕ್ಟರಿಯಲ್ಲಿ (ಬಳಕೆದಾರರ, ಕಂಪ್ಯೂಟರ್‌ಗಳ ಮಾಹಿತಿ ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ) ಮೂರು ಸಾವಿರಕ್ಕೂ ಹೆಚ್ಚು ಬಳಕೆದಾರರಿದ್ದಾರೆ. ಇಂಥ ಡೈರೆಕ್ಟರಿಗಳಲ್ಲಿ ಹುಡುಕಲು ಬಳಸುವ ಪೈಥಾನ್‌ನ ಎಲ್‌ಡ್ಯಾಪ್3 ಲೈಬ್ರರಿಯಿಂದ ಹುಡುಕಿದರೆ 1000 ಹೆಸರು ಮಾತ್ರ ಸಿಗುತ್ತವೆ, ಅದರಲ್ಲೂ ಕೆಲವು ಕಂಪ್ಯೂಟರ್‌ಗಳವು. ಹುಡುಕುವ ಹೆಸರಿನಲ್ಲಿ ಆವರಣ ಚಿಹ್ನೆ ಇದ್ದರೆ ಎರರ್. ಏನು ಮಾಡಲಿ?

ಉತ್ತರ: ಮಿತಿ ಇರುವುದು ಸರ್ವರ್‌ನಲ್ಲಿ. ಒಂದು ಸಲಕ್ಕೆ ಎಷ್ಟು ಫಲಿತಾಂಶ ಕೊಡಬೇಕೆಂದು ಹೇಳುವ ಮ್ಯಾಕ್ಸ್‌ಪೇಜ್‌ಸೈಜ್ ಎಂಬ ಸೆಟಿಂಗ್ ಮೊದಲಿನಿಂದಲೂ 1000ಕ್ಕೇ ಇರುತ್ತದೆ. ಲೈಬ್ರರಿ ಸಾಮಾನ್ಯವಾಗಿ ಎಕ್ಸೆಪ್ಶನ್ ಎಸೆಯದೆ ಸುಮ್ಮನಿರುವುದರಿಂದ ಗೊತ್ತಾಗುವುದಿಲ್ಲ. ಕನೆಕ್ಷನ್‌ನ ರಿಸಲ್ಟ್ ನೋಡಿ, ಕೋಡ್ 4 ಇದ್ದರೆ ಪಟ್ಟಿ ಅರ್ಧಕ್ಕೇ ತುಂಡಾಗಿದೆ ಎಂದರ್ಥ. ಸರ್ವರ್ ಮಿತಿ ಏರಿಸಲು ಅಡ್ಮಿನ್ ಬಳಿ ಹೋಗಬೇಡಿ, ಅದು ತಪ್ಪು ದಾರಿ. ಫಲಿತಾಂಶಗಳನ್ನು ಪುಟಪುಟವಾಗಿ ತರಿಸುವ ಪೇಜ್ಡ್ ಸರ್ಚ್ ಬಳಸಿ, ಪುಟದ ಗಾತ್ರ 500 ಇಡಿ. ಪ್ರತಿ ಪುಟದ ಜೊತೆ ಸರ್ವರ್ ಒಂದು ಕುಕೀ (ಎಲ್ಲಿಯವರೆಗೆ ಬಂದಿದೆ ಎಂಬ ಗುರುತು) ಕೊಡುತ್ತದೆ. ಅದು ಖಾಲಿಯಾಗಿ ಬರುವತನಕ ಅದನ್ನೇ ಮರಳಿ ಕಳಿಸುತ್ತ ಕೇಳಬೇಕು. ಎಲ್‌ಡ್ಯಾಪ್3ರ ಪೇಜ್ಡ್ ಸರ್ಚ್ ಫಂಕ್ಷನ್ ಈ ಕೆಲಸವನ್ನು ತಾನೇ ಮಾಡುತ್ತದೆ. ಡೊಮೇನ್‌ನ ಬೇರಿನಿಂದ ಹುಡುಕಿದರೆ ನಡುವೆ ರೆಫರಲ್‌ಗಳೂ (ಬೇರೆ ಕಡೆ ಹುಡುಕಿ ಎಂಬ ಸೂಚನೆಗಳು) ನುಸುಳುತ್ತವೆ, ಟೈಪ್ ನೋಡಿ ಅವನ್ನು ಕೈಬಿಡಿ.

ಆಕ್ಟಿವ್ ಡೈರೆಕ್ಟರಿಯಲ್ಲಿ ಕಂಪ್ಯೂಟರ್ ಕ್ಲಾಸ್ ಹುಟ್ಟಿರುವುದೇ ಯೂಸರ್ ಕ್ಲಾಸ್‌ನಿಂದ. ಹಾಗಾಗಿ ಫಿಲ್ಟರ್‌ನಲ್ಲಿ, ಅಂದರೆ ಹುಡುಕಾಟದ ಷರತ್ತಿನಲ್ಲಿ, ಆಬ್ಜೆಕ್ಟ್‌ಕ್ಲಾಸ್ ಯೂಸರ್ ಎಂದಷ್ಟೇ ಬರೆದರೆ ಸಾಲದು, ಆಬ್ಜೆಕ್ಟ್‌ಕ್ಯಾಟಗರಿ ಪರ್ಸನ್ ಎಂಬುದನ್ನೂ ಸೇರಿಸಿ.

ಆವರಣ ಚಿಹ್ನೆಗಳು ಫಿಲ್ಟರ್‌ನ ವ್ಯಾಕರಣಕ್ಕೆ ಸೇರಿದವು. ಹೆಸರಿನೊಳಗೆ ಬಂದರೆ \28, \29 ಎಂದು ಬದಲಿಸಬೇಕು. ಕೈಯಿಂದ ಮಾಡದೆ ಲೈಬ್ರರಿಯ ಎಸ್ಕೇಪ್ ಫಂಕ್ಷನ್‌ಗೇ ಕೊಡಿ. ಬಳಕೆದಾರರು ಟೈಪ್ ಮಾಡಿದ್ದು ನೇರ ಫಿಲ್ಟರ್‌ಗೆ ಹೋದರೆ ಎರರ್ ಅಷ್ಟೇ ಅಲ್ಲ, ಹುಡುಕಾಟದ ಷರತ್ತನ್ನೇ ತಿರುಚುವ ಇಂಜೆಕ್ಷನ್ ದಾಳಿಗೂ ಬಾಗಿಲು ತೆರೆದಂತೆ.