ಉತ್ತರ: ಮನೆಗೆ ಬಂದು ನೋಡಿದ ಶುಗರ್ 168, ಗಾಬರಿ ಬೇಕಾ?

ನಿಮ್ಮ ತಾಯಿಗೆ 52 ವರ್ಷ, ಏನೂ ತೊಂದರೆ ಇಲ್ಲ, ಆದರೂ ಆಶಾ ಕಾರ್ಯಕರ್ತೆ ಮನೆಗೇ ಬಂದು ಊಟ ಆದ ಮೇಲೆ ಬೆರಳು ಚುಚ್ಚಿ 168 ಅಂದರು, ಇದು ಸಕ್ಕರೆ ಕಾಯಿಲೆನಾ ಅಂತ ಕೇಳಿದ್ದೀರಿ. ಅಷ್ಟರಿಂದಲೇ ಹೌದು ಅನ್ನೋಕಾಗಲ್ಲ. 30 ದಾಟಿದ ಎಲ್ಲರನ್ನೂ ಹೀಗೆ ನೋಡಿ, 140 ಮೀರಿದವರನ್ನು ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಜರಡಿ ಹಿಡಿದ ಹಾಗೆ.

ನಮ್ಮ ಅತ್ತೆಗೂ ಹೀಗೇ ಆಗಿತ್ತು. ಹಲಸಿನ ತೊಳೆ ಬಿಡಿಸುತ್ತಾ ಕೂತಿದ್ದವರು ಸೆರಗಿಗೆ ಕೈ ಒರೆಸಿಕೊಂಡು ಬೆರಳು ಕೊಟ್ಟರು, ಮೀಟರ್ 231 ತೋರಿಸಿತು. ಸೋಪು ಹಾಕಿ ತೊಳೆದು ಇನ್ನೊಂದು ಬೆರಳಲ್ಲಿ ನೋಡಿದರೆ 118! ಬೆರಳಿಗೆ ಅಂಟಿದ ಹಣ್ಣಿನ ಸಿಹಿಯನ್ನೂ ಮೀಟರ್ ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ಅದೇ ದಿನ ಬಿಪಿ 160/100 ಬಂತು, ಒಂದು ದಿನ ತಲೆನೋವು ಅಂದವರಲ್ಲ ಅವರು. ಈಗ ಮಾತ್ರೆ ತಗೊಳ್ತಿದ್ದಾರೆ. ಹಾಗಾಗಿ ಸುಮ್ನೆ ತಳ್ಳಿಹಾಕಲೂ ಬೇಡಿ.

ಟೇಪ್ ಹಿಡಿದು ಸೊಂಟ ಯಾಕೆ ಅಳೆದರು ಅಂದಿರಲ್ಲ, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಆಶಾ ಕಾರ್ಯಕರ್ತೆ ತುಂಬುವ ಫಾರ್ಮಿನಲ್ಲಿ ಅಂಕ ಬೀಳುತ್ತದೆ. ವಯಸ್ಸು, ತಂಬಾಕು, ಮನೆಯಲ್ಲಿ ಯಾರಿಗಾದರೂ ಬಿಪಿ-ಶುಗರ್ ಇದೆಯಾ, ಎಲ್ಲಾ ಸೇರಿ ಒಟ್ಟು ಅಂಕ 4 ಮೀರಿದರೆ ಅಂಥವರನ್ನು ತಪಾಸಣೆಗೆ ಮೊದಲು ಕರೆಯುತ್ತಾರೆ.

ತಾಯಿಯವರನ್ನು ಈ ವಾರವೇ ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ. 8 ಗಂಟೆ ಖಾಲಿ ಹೊಟ್ಟೆ ಇರಬೇಕು, ಕಾಫಿಯೂ ಬೇಡ. ಅಲ್ಲಿ 126 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ನೋಡಿ ಆಮೇಲೆ ಡಾಕ್ಟರ್ ಹೇಳುತ್ತಾರೆ. ಆಶಾ ಕಾರ್ಯಕರ್ತೆ ಚೀಟಿ ಕೊಟ್ಟಿದ್ದರೆ ಜೊತೆಗಿರಲಿ.